ಗೋಡೆಗೆ ತಾಗಿದ್ದ ಹೆರಿಗೆ ಟೇಬಲ್ಲು

೧೯೯೭ರ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಶಿರಸಿಗೂ ಸಿದ್ದಾಪುರಕ್ಕೂ ನಡುವೆ ಇದ್ದ ಒಂದು ಟ್ರಸ್ಟ್ ಆಸ್ಪತ್ರೆಗೆ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ಬಂದೆ. ಮೂವತ್ತು ಹಾಸಿಗೆ, ಒಂದು ಚಿಕ್ಕ ಆಪರೇಶನ್ ಥಿಯೇಟರು, ಒಂದು ಹೆರಿಗೆ ಕೋಣೆ, ಇಬ್ಬರು ಡಾಕ್ಟರು. ಆಸ್ಪತ್ರೆಯ ಹೆಸರು ಇಲ್ಲಿ ಬರೆಯುವುದಿಲ್ಲ. ನಾನು ಹೇಳಲಿರುವ ಸಂಗತಿಯಲ್ಲಿ ತಪ್ಪಿನ ದೊಡ್ಡ ಪಾಲು ನನ್ನದೇ. ಕಟ್ಟಡವನ್ನು ದೂರಿ ಪ್ರಯೋಜನವಿಲ್ಲ.

ಹುದ್ದೆಯ ಹೆಸರು ಉದ್ದವಾಗಿದ್ದರೂ ನನ್ನ ಕೆಲಸವೆಲ್ಲ ಒಂದು ಹಾಳೆಯಲ್ಲಿ ಮುಗಿಯುತ್ತಿತ್ತು. ಅದು ಡ್ಯೂಟಿ ಚಾರ್ಟ್. ಯಾವ ನರ್ಸು ಬೆಳಗಿನ ಪಾಳಿಗೆ, ಯಾರು ಮಧ್ಯಾಹ್ನಕ್ಕೆ, ಯಾರು ರಾತ್ರಿಗೆ, ಯಾರಿಗೆ ವಾರದ ರಜೆ ಎಂದು ಪೆನ್ಸಿಲಿನಲ್ಲಿ ಬರೆದು, ರಬ್ಬರಿನಲ್ಲಿ ಅಳಿಸಿ, ಮತ್ತೆ ಬರೆಯುವುದು. ನಮ್ಮಲ್ಲಿ ಒಂಬತ್ತು ನರ್ಸುಗಳಿದ್ದರು. ಒಂಬತ್ತಿದ್ದರೆ ಹೇಗೋ ಸುಧಾರಿಸಬಹುದು. ಎಂಟಾದರೆ ಚಾರ್ಟು ಎಳೆಯುತ್ತದೆ. ಏಳಾದರೆ ಯಾರದೋ ರಜೆಯನ್ನು ಕಿತ್ತುಕೊಳ್ಳಬೇಕು. ಯಾರಾದರೂ "ಅಕ್ಕಾ, ಒಂದು ಮಾತಿತ್ತು" ಎಂದು ನನ್ನ ಮೇಜಿನ ಮುಂದೆ ನಿಂತರೆ ಸಾಕು, ಕೆಲಸ ಬಿಡುತ್ತೇನೆ ಅನ್ನುತ್ತಾಳೋ ಎಂದು ನನ್ನ ಕೈ ರಬ್ಬರಿನ ಕಡೆ ಹೋಗುತ್ತಿತ್ತು.

ಆ ಒಂಬತ್ತರಲ್ಲಿ ನಾನು ಕಣ್ಣುಮುಚ್ಚಿ ನಂಬಬಹುದಾಗಿದ್ದವಳು ರೇಣುಕಾ. ಸಿದ್ದಾಪುರದಾಚೆಯ ಗದ್ದೆ ಮಾಡುವ ಮನೆಯ ಹುಡುಗಿ. ಹುಬ್ಬಳ್ಳಿಯಲ್ಲಿ ಮೂರು ವರ್ಷದ ನರ್ಸಿಂಗ್ ಕೋರ್ಸು ಮುಗಿಸಿ ಬಂದಿದ್ದಳು. ಆಗ ಅವಳಿಗೆ ಇಪ್ಪತ್ನಾಲ್ಕು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಆದರೆ ಹೆರಿಗೆ ಕೋಣೆಯಲ್ಲಿ ಅವಳಿದ್ದಾಳೆ ಎಂದರೆ ನಮ್ಮ ಹಿರಿಯ ಡಾಕ್ಟರು ಮನೆಗೆ ಹೋಗಿ ಸಮಾಧಾನದಿಂದ ಊಟ ಮಾಡುತ್ತಿದ್ದರು.

ಅವಳ ಹೆಚ್ಚುಗಾರಿಕೆ ಇದ್ದದ್ದು ಕಿವಿಯಲ್ಲಿ. ಹೊಟ್ಟೆಯೊಳಗಿನ ಮಗುವಿನ ಎದೆಬಡಿತವನ್ನು ಪರದೆಯ ಮೇಲೆ ತೋರಿಸುವ ಯಂತ್ರ ಆಗ ನಮ್ಮಲ್ಲಿರಲಿಲ್ಲ. ಇದ್ದದ್ದು ಫೀಟೋಸ್ಕೋಪ್. ಗೇಣುದ್ದದ ಅಲ್ಯೂಮಿನಿಯಂ ಕೊಳವೆ, ಒಂದು ತುದಿ ಕಹಳೆಯ ಬಾಯಿಯಂತೆ ಅಗಲ. ಅಗಲದ ಬಾಯಿಯನ್ನು ಬಸುರಿಯ ಹೊಟ್ಟೆಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟು, ಕೈಗಡಿಯಾರ ನೋಡುತ್ತ ಬಡಿತ ಎಣಿಸಬೇಕು. ನಿಮಿಷಕ್ಕೆ ನೂರಿಪ್ಪತ್ತರಿಂದ ನೂರರವತ್ತು ಇದ್ದರೆ ಕ್ಷೇಮ. ನೂರಕ್ಕಿಂತ ಕೆಳಗೆ ಇಳಿದು ಮೇಲೇಳದಿದ್ದರೆ ಮಗು ಕಷ್ಟದಲ್ಲಿದೆ ಎಂದರ್ಥ. ಕೇಳಲು ಸುಲಭ ಎನಿಸುತ್ತದೆ. ನಾನು ಅಷ್ಟು ವರ್ಷ ಕೆಲಸ ಮಾಡಿದವಳು, ನನಗೇ ಎಷ್ಟೋ ಸಲ ತಾಯಿಯ ನಾಡಿ ಯಾವುದು, ಮಗುವಿನದು ಯಾವುದು ಎಂದು ಗೊಂದಲವಾಗುತ್ತಿತ್ತು. ರೇಣುಕಾ ಎಡಗಿವಿ ಕೊಟ್ಟು ಹತ್ತೇ ಸೆಕೆಂಡಿನಲ್ಲಿ ಬಡಿತ ಹಿಡಿಯುತ್ತಿದ್ದಳು.

ಹೆರಿಗೆ ಕೋಣೆಯ ವಿವರವನ್ನೂ ಇಲ್ಲೇ ಹೇಳಿಬಿಡಬೇಕು. ಕೋಣೆ ಕಿರಿದು. ಜಾಗ ಉಳಿಯಲಿ ಎಂದು ಯಾರೋ ಹಿಂದಿನವರು ಹೆರಿಗೆ ಟೇಬಲ್ಲಿನ ಒಂದು ಬದಿಯನ್ನು ಗೋಡೆಗೆ ತಾಗಿಸಿ ಇಟ್ಟಿದ್ದರು. ಬಸುರಿಯ ಎಡಕ್ಕೆ ಗೋಡೆ, ಬಲಕ್ಕೆ ನಿಂತು ನಾವು ಕೆಲಸ ಮಾಡುವುದು, ಕಾಲಿನ ಕಡೆಗೆ ಬಾಗಿಲು. ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿಲ್ಲ. ಒಮ್ಮೆ ಚಿಲಕ ಸಿಕ್ಕಿಕೊಂಡು ಫಜೀತಿಯಾದದ್ದಕ್ಕೆ ಕಿತ್ತವರು ಮತ್ತೆ ಹಾಕಿರಲಿಲ್ಲ.

ಬಂದವರನ್ನು ಹೊರಗೆ ನಿಲ್ಲಿಸುವ ಪದ್ಧತಿಯೂ ನಮ್ಮಲ್ಲಿರಲಿಲ್ಲ. ಒಬ್ಬ ಬಸುರಿಗೆ ಒಂದು ಜೀಪು ಜನ. ಅತ್ತೆ, ಅಮ್ಮ, ಅತ್ತಿಗೆ, ಭಾವ, ಪಕ್ಕದ ಮನೆಯವರು. ಎಲ್ಲರೂ ಊರಿನವರು, ಪರಿಚಯದವರು, ಆಸ್ಪತ್ರೆ ಕಟ್ಟುವಾಗ ಮರವೋ ಹಂಚೋ ಕೊಟ್ಟವರು. ಹೊರಗೆ ಹೋಗಿ ಎಂದರೆ ಮುಖ ಊದಿಸಿಕೊಳ್ಳುತ್ತಿದ್ದರು. ನಾನೂ ಅವರ ಜತೆ ಎಲೆಯಡಿಕೆಯ ಕವಳ ಹಾಕಿ ಮಾತಾಡುತ್ತಿದ್ದವಳೇ. ನನ್ನ ತವರು ಯಲ್ಲಾಪುರದ ಉಮ್ಮಚಗಿ ಕಡೆ ಎಂದು ಗೊತ್ತಾದರೆ ಸಾಕು, ಯಾರಾದರೂ ಒಂದು ನೆಂಟಸ್ತಿಕೆ ಹುಡುಕಿ ತೆಗೆಯುತ್ತಿದ್ದರು.

ಅದು ೧೯೯೮ರ ಫೆಬ್ರವರಿಯ ಒಂದು ಮಧ್ಯಾಹ್ನ. ಸಾವಿತ್ರಿ ಎಂಬ ಚೊಚ್ಚಲ ಬಸುರಿ ಬೆಳಗ್ಗೆಯೇ ದಾಖಲಾಗಿದ್ದಳು. ನೋವು ಬರುತ್ತಿತ್ತು, ನಿಲ್ಲುತ್ತಿತ್ತು. ಎರಡು ಗಂಟೆಯ ಹೊತ್ತಿಗೆ ಹಿರಿಯ ಡಾಕ್ಟರು ಮೂರು ಕಿಲೋಮೀಟರ್ ದೂರದ ಮನೆಗೆ ಊಟಕ್ಕೆ ಹೋದರು. ಕಿರಿಯರು ರಜೆಯಲ್ಲಿದ್ದರು. ಹೆರಿಗೆ ಕೋಣೆಯಲ್ಲಿ ರೇಣುಕಾ, ಜತೆಗೆ ಆಯಾ ಶಾಂತವ್ವ. ಶಾಂತವ್ವ ಹಾನಗಲ್ ಕಡೆಯವಳು, ದೊಡ್ಡ ಬಾಯಿ, ಅಷ್ಟೇ ದೊಡ್ಡ ಮನಸ್ಸು.

ಸಾವಿತ್ರಿಯ ಗಂಡನ ಅಣ್ಣ, ಅಂದರೆ ಅವಳ ಭಾವ, ಬೆಳಗಿನಿಂದ ಒಂದೇ ರಾಗ ಹಿಡಿದಿದ್ದನಂತೆ. ನೋವಿನ ಸೂಜಿ ಹಾಕಿ. ನೋವು ಹೆಚ್ಚಿಸುವ ಆಕ್ಸಿಟೋಸಿನ್ ಇಂಜೆಕ್ಷನ್ನಿಗೆ ನಮ್ಮ ಕಡೆ ಅದೇ ಹೆಸರು. ಅವನ ಸೋದರತ್ತೆಯ ಮಗಳಿಗೆ ಯಾವುದೋ ಆಸ್ಪತ್ರೆಯಲ್ಲಿ ಆ ಸೂಜಿ ಹಾಕಿದ ಒಂದು ಗಂಟೆಯಲ್ಲಿ ಹೆರಿಗೆಯಾಗಿತ್ತು. ಇಲ್ಲಿ ಯಾಕೆ ಹಾಕುತ್ತಿಲ್ಲ ಎಂಬುದು ಅವನ ತಕರಾರು. ಎರಡೂವರೆಯ ಹೊತ್ತಿಗೆ ರೇಣುಕಾ ಬಡಿತ ಎಣಿಸಿದಾಗ ನೂರಕ್ಕೆ ಇಳಿದಿತ್ತು. ಸಾವಿತ್ರಿಯನ್ನು ಎಡಮಗ್ಗುಲಿಗೆ ಮಲಗಿಸಿ, ಆಕ್ಸಿಜನ್ ಹಚ್ಚಿ, ಡಾಕ್ಟರನ್ನು ಕರೆತರಲು ಅಟೆಂಡರನನ್ನು ಬೈಕಿನಲ್ಲಿ ಕಳಿಸಿದಳು. ಫೋನು ಆ ದಿನ ಸತ್ತಿತ್ತು. ಇಂಥ ಹೊತ್ತಿನಲ್ಲಿ ನೋವಿನ ಸೂಜಿ ಹಾಕಿದರೆ ಗರ್ಭಕೋಶ ಇನ್ನಷ್ಟು ಹಿಂಡಿ ಮಗುವಿನ ಉಸಿರೇ ನಿಂತುಹೋಗಬಹುದು. ಅದನ್ನೇ ಅವಳು ಅವನಿಗೆ ಹೇಳಿದಳು.

"ಈಗ ಆ ಸೂಜಿ ಹಾಕಿದ್ರೆ ಮಗು ಉಳಿಯಲ್ಲ. ನೀವು ಹೊರಗೆ ಹೋಗಿ."

ಹೊರಗೆ ಹೋಗಿ ಎಂದ ಮಾತೇ ಅವನಿಗೆ ತಡೆಯಲಾಗಲಿಲ್ಲವೋ, ಮಗು ಉಳಿಯಲ್ಲ ಎಂಬುದಷ್ಟೇ ಕಿವಿಗೆ ಬಿತ್ತೋ ನನಗೆ ಗೊತ್ತಿಲ್ಲ. ನಾನು ಆಗ ಜನರಲ್ ವಾರ್ಡಿನಲ್ಲಿ ಔಷಧಿ ಕಪಾಟು ತೆಗೆದು ನಿಂತಿದ್ದೆ. ಶಾಂತವ್ವ ಓಡಿಬಂದಳು.

"ಸಿಸ್ಟರ್ರ, ಲಗೂನ ಬರ್ರಿ. ನಮ್ಮ ರೇಣವ್ವಗ ಹೊಡದ್ರು."

ಕಾರಿಡಾರಿನುದ್ದಕ್ಕೂ ಓಡಿದೆ. ಬಾಗಿಲಲ್ಲಿ ಆ ಭಾವ ನಿಂತಿದ್ದ, ಇಬ್ಬರು ಗಂಡಸರು ಅವನ ರಟ್ಟೆ ಹಿಡಿದಿದ್ದರು. ಒಳಗೆ ಟ್ರೇ ಬಿದ್ದು ಕತ್ತರಿ, ಹತ್ತಿ ಎಲ್ಲ ಚೆಲ್ಲಾಪಿಲ್ಲಿ. ರೇಣುಕಾ ಎಲ್ಲಾದರೂ ಮೂಲೆಯಲ್ಲಿ ಕೂತು ಅಳುತ್ತಿರಬಹುದು ಎಂದುಕೊಂಡಿದ್ದೆ. ಅವಳು ಟೇಬಲ್ಲಿನ ಮೇಲೆ ಬಾಗಿ ನಿಂತಿದ್ದಳು. ಫೀಟೋಸ್ಕೋಪಿಗೆ ಬಲಗಿವಿ ಕೊಟ್ಟು, ಕಣ್ಣು ಗಡಿಯಾರದ ಮೇಲಿಟ್ಟಿದ್ದಳು. ಎಡಗೆನ್ನೆಯ ಮೇಲೆ ಬೆರಳುಗಳು ಮೂಡಿದ್ದವು, ಎಡಗಿವಿಯಿಂದ ಒಂದು ಎಳೆ ರಕ್ತ.

"ತೊಂಬತ್ತಾರು ಅಕ್ಕಾ," ಅಂದಳು. ಅಷ್ಟೇ.

ಡಾಕ್ಟರು ಬರುವವರೆಗೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ನಾನು ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದೆ, ಅವಳು ಎಣಿಸುತ್ತಿದ್ದಳು. ತೊಂಬತ್ತೆರಡು. ನೂರಾ ನಾಲ್ಕು. ತೊಂಬತ್ತು. ಹೊರಗೆ ಯಾರೋ ಬಾಗಿಲಿಗೆ ಗುದ್ದಿದರೆ ಬೆನ್ನನ್ನು ಇನ್ನಷ್ಟು ಒತ್ತುತ್ತಿದ್ದೆ. ಡಾಕ್ಟರು ಬಂದವರೇ ವ್ಯಾಕ್ಯೂಮ್ ಹಾಕಿ, ಅಂದರೆ ಮಗುವಿನ ತಲೆಗೆ ಬಟ್ಟಲು ಹಿಡಿಸಿ ಎಳೆದು, ಹೆರಿಗೆ ಮಾಡಿಸಿದರು. ಹೆಣ್ಣು ಮಗು. ಒಂದು ನಿಮಿಷ ಸುಮ್ಮನಿದ್ದು ಆಮೇಲೆ ಅತ್ತಿತು. ಆ ಅಳು ಕೇಳಿ ನಾನೂ ಶಾಂತವ್ವನೂ ಅತ್ತೆವು. ರೇಣುಕಾ ಅಳಲಿಲ್ಲ, ಕೈ ತೊಳೆದು ಚೆಲ್ಲಿದ ಕತ್ತರಿಗಳನ್ನು ಹೆಕ್ಕಿದಳು.

ಈಗ ನನ್ನ ತಪ್ಪಿಗೆ ಬರುತ್ತೇನೆ. ವಾರ್ಡಿನಲ್ಲಿ ಒಂದು ರಿಪೋರ್ಟ್ ಬುಕ್ ಇರುತ್ತದೆ. ಪಾಳಿಯಲ್ಲಿ ಏನೇ ನಡೆದರೂ ಅದರಲ್ಲಿ ಬರೆಯಬೇಕು, ಸಿಬ್ಬಂದಿಗೆ ಪೆಟ್ಟಾದರೆ ಸೂಪರಿಂಟೆಂಡೆಂಟೇ ಬರೆದು ಸಹಿ ಹಾಕಬೇಕು. ಆ ಸಂಜೆ ಐದು ಗಂಟೆಗೆ ನಾನು ಪುಸ್ತಕ ತೆಗೆದೆ. ಆ ಹೊತ್ತಿಗೆ ಟ್ರಸ್ಟಿನ ಕಾರ್ಯದರ್ಶಿಯವರು ಬಂದು ಕುರ್ಚಿ ಎಳೆದು ಕೂತಿದ್ದರು. ಹಿರಿಯರು, ಸಾತ್ವಿಕರು, ನಮ್ಮ ಮನೆಮಾತಿನಲ್ಲೇ ಮಾತಾಡುವವರು.

"ತಂಗಿ, ಪೊಲೀಸ್ ಹೇಳಿ ಹೋದ್ರೆ ಆ ನರ್ಸ್ ಕೂಸಿನ ಹೆಸರು ಸ್ಟೇಷನ್ನಲ್ಲಿ ಬತ್ತು. ನಾಳೆ ಅದಕ್ಕೆ ಮದುವೆ ಆಗಡ್ದಾ? ಯೋಚ್ನೆ ಮಾಡು," ಎಂದರು.

ಅವರ ಮೇಲೆ ಹಾಕಿ ನಾನು ನುಣುಚಿಕೊಳ್ಳುವುದಿಲ್ಲ. ಅವರು ಹೇಳದಿದ್ದರೂ ನಾನು ಹಾಗೇ ಬರೆಯುತ್ತಿದ್ದೆ. ಅದಕ್ಕೂ ಮೊದಲು ಎರಡು ಸಲ ಹೀಗೇ ಮಾಡಿದ್ದೆ. ಕುಡಿದು ಬಂದವನೊಬ್ಬ ಒಬ್ಬ ನರ್ಸಿನ ಕೈ ತಿರುಚಿದಾಗ, ಇನ್ನೊಬ್ಬ ಬೆಡ್‌ಪ್ಯಾನ್ ಎಸೆದಾಗ, ಪುಸ್ತಕದಲ್ಲಿ ಒಂದಕ್ಷರ ಹಾಕಿರಲಿಲ್ಲ. ಹುಡುಗಿಯರ ಒಳ್ಳೆಯದಕ್ಕೇ ಎಂದು ಮನಸಾರೆ ನಂಬಿದ್ದೆ. ಆ ದಿನ ರಕ್ತ ಬಂದಿದ್ದರಿಂದ ಏನಾದರೂ ಬರೆಯಲೇಬೇಕಿತ್ತು. "ಒದ್ದೆ ನೆಲದಲ್ಲಿ ಕಾಲು ಜಾರಿ ಬಿದ್ದು ಎಡಗಿವಿಗೆ ಪೆಟ್ಟು" ಎಂದು ಬರೆದೆ. ನನ್ನ ಅಕ್ಷರ ದುಂಡಗೆ, ಚೆಂದ. ರೇಣುಕಾ ನನ್ನ ಹಿಂದೆಯೇ ನಿಂತಿದ್ದಳು. ಓದಿದಳು. ಏನೂ ಹೇಳಲಿಲ್ಲ. ಒಪ್ಪಿದಳು ಎಂದುಕೊಂಡೆ.

ಹತ್ತನೆಯ ದಿನ ಸಾವಿತ್ರಿಯ ಅತ್ತೆ ಮತ್ತೆ ಬಂದರು. ಎಪ್ಪತ್ತು ದಾಟಿದ ಹೆಂಗಸು. ಕೈಯಲ್ಲಿ ತೆಂಗಿನಕಾಯಿ, ಅಕ್ಕಿ, ರವಿಕೆ ಕಣ, ಅರಿಶಿನ ಕುಂಕುಮ. ಮಗುವನ್ನು ಉಳಿಸಿಕೊಟ್ಟ ಹುಡುಗಿಗೆ ಉಡಿ ತುಂಬಬೇಕು ಎಂದರು. ಉಡಿ ತುಂಬುವುದೆಂದರೆ ಹೆಣ್ಣಿಗೆ ಕೊಡುವ ದೊಡ್ಡ ಗೌರವ. ಅದನ್ನು ಸೆರಗೊಡ್ಡಿ ತೆಗೆದುಕೊಂಡ ಮೇಲೆ ಮನಸ್ತಾಪದ ಮಾತು ಎತ್ತುವ ಹಾಗಿಲ್ಲ, ಮುಗಿಯಿತು ಎಂದೇ ಲೆಕ್ಕ. ಹೊಡೆದ ಮಗ ಅಂಗಳದಲ್ಲಿ ಜೀಪಿನೊಳಗೇ ಕೂತಿದ್ದ. ಇಳಿಯಲಿಲ್ಲ. ಇಳಿದು ಬಾ ಎಂದು ನಾನೂ ಕರೆಯಲಿಲ್ಲ. ಎಲ್ಲ ಚೆಂದಾಗಿ ಮುಗಿಯುತ್ತಿದೆ, ಈಗ್ಯಾಕೆ ಕೆದಕುವುದು ಎಂಬ ಆಸೆ.

ರೇಣುಕಾ ಬಿಳಿ ಯೂನಿಫಾರಮ್ಮಿನಲ್ಲಿ ನಿಂತಿದ್ದಳು. ಸೆರಗಿಲ್ಲ. ನಾನೇ ಟವೆಲು ತಂದು ಅವಳ ಕೈಗೆ ಕೊಟ್ಟೆ. "ತಗ ಮಗಾ, ಹಿರಿಯರು ತಂದಿದ್ದು," ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತ ಟವೆಲು ಒಡ್ಡಿದಳು. ಅಜ್ಜಿ ಕಣ್ಣೊರೆಸಿಕೊಂಡರು. ಆ ಗಂಟನ್ನು ರೇಣುಕಾ ಹಾಗೇ ಒಯ್ದು ಡ್ರೆಸ್ಸಿಂಗ್ ಕೋಣೆಯ ಕಪಾಟಿನ ಮೇಲಿಟ್ಟಳು. ತೆಂಗಿನಕಾಯಿ ಕೊಳೆತು ವಾಸನೆ ಬರುವವರೆಗೂ ಅದು ಅಲ್ಲೇ ಇತ್ತು, ಕೊನೆಗೆ ಶಾಂತವ್ವ ತೆಗೆದು ಎಸೆದಳು.

ಅಲ್ಲಿಂದ ಶುರುವಾಯಿತು ನೋಡಿ. ಅಂಗಳಕ್ಕೆ ಜೀಪು ಬಂದರೆ ವಾರ್ಡಿನಲ್ಲಿ ಮಾತು ನಿಲ್ಲುತ್ತಿತ್ತು. ಎಷ್ಟು ಜನ ಇಳಿದರು ಎಂದು ಕಿಟಕಿಯಲ್ಲಿ ಇಣುಕಿ ಎಣಿಸುತ್ತಿದ್ದರು. "ಅಕ್ಕಾ, ನನ್ನನ್ನು ಹೆರಿಗೆ ಕೋಣೆಗೆ ಹಾಕಬೇಡಿ" ಎಂದು ಒಬ್ಬೊಬ್ಬಳೇ ಬಂದು ಕೇಳಿದಳು. ಹೆದರುಪುಕ್ಕಲಿಯರು ಎಂದು ನಾನು ಗದರಿದೆ. ಏಪ್ರಿಲ್ಲಿನಲ್ಲಿ ಹುಲೇಕಲ್ ಕಡೆಯ ಹುಡುಗಿ ರಾಜೀನಾಮೆ ಕೊಟ್ಟಳು, ಮನೆಯಲ್ಲಿ ಅಮ್ಮನಿಗೆ ಹುಷಾರಿಲ್ಲ. ಜೂನ್‌ನಲ್ಲಿ ಇಬ್ಬರು ಒಟ್ಟಿಗೆ, ಒಬ್ಬಳಿಗೆ ಮದುವೆ, ಇನ್ನೊಬ್ಬಳಿಗೆ ಬಸ್ಸು ಸರಿ ಹೋಗುವುದಿಲ್ಲ. ಆಗಸ್ಟಿನಲ್ಲಿ ಮತ್ತೊಬ್ಬಳು, ಸ್ವಂತ ಕಾರಣ. ಕಾಗದದಲ್ಲಿ ಬರೆದದ್ದನ್ನು ನಾನು ನಂಬಿದೆ. ಅಥವಾ ನಂಬಿದ ಹಾಗೆ ಮಾಡಿದೆ. ಮದುವೆ ಎಂದು ಹೋದವಳು ಮೂರು ತಿಂಗಳ ನಂತರ ಶಿರಸಿಯ ಪೇಟೆಯಲ್ಲಿ ಸಿಕ್ಕಳು. ಕುತ್ತಿಗೆಯಲ್ಲಿ ತಾಳಿ ಇರಲಿಲ್ಲ, ಬಟ್ಟೆ ಅಂಗಡಿಯಲ್ಲಿ ಸೇಲ್ಸಿಗೆ ನಿಂತಿದ್ದಳು. ನನ್ನನ್ನು ಕಂಡವಳೇ ಬಟ್ಟೆಯ ಥಾನುಗಳ ಹಿಂದೆ ಸರಿದಳು.

ಒಂಬತ್ತು ಐದಾಯಿತು. ಉಳಿದವರಿಗೆ ಹನ್ನೆರಡು ಗಂಟೆಯ ಡ್ಯೂಟಿ. ಚಾರ್ಟಿನ ಹಾಳೆ ಅಳಿಸಿ ಅಳಿಸಿ ತೂತಾಗಿತ್ತು. ನನಗೆ ಊಟ ಸೇರುತ್ತಿರಲಿಲ್ಲ, ಕೂತಲ್ಲಿ ನಿಂತಲ್ಲಿ ಅದೇ ಲೆಕ್ಕ. ನನಗಿದ್ದ ಧೈರ್ಯ ಒಂದೇ, ರೇಣುಕಾ ಇದ್ದಾಳೆ. ಅವಳೂ ಹೋದರೆ ಹೆರಿಗೆ ಕೋಣೆಗೆ ಬೀಗ ಹಾಕಬೇಕು. ಹಾಕಿದರೆ ಸುತ್ತಲಿನ ಹಳ್ಳಿಗಳ ಬಸುರಿಯರು ಹೊಂಡದ ರಸ್ತೆಯಲ್ಲಿ ಶಿರಸಿಯವರೆಗೆ ಜೀಪಿನಲ್ಲಿ ಹೋಗಬೇಕು. ದಾರಿಯಲ್ಲೇ ಏನಾದರೂ ಆದರೆ ಎಂಬ ಯೋಚನೆ ಬಂದರೆ ಮತ್ತೆ ಚಾರ್ಟು ತೆಗೆದು ಕೂರುತ್ತಿದ್ದೆ.

ರೇಣುಕಾಳ ಕಿವಿ ಸರಿಯಾಗಿರಲಿಲ್ಲ. ಗುಂಯ್ ಎನ್ನುತ್ತದೆ ಎನ್ನುತ್ತಿದ್ದಳು. ಹಿರಿಯ ಡಾಕ್ಟರು ರಿಪೋರ್ಟ್ ಬುಕ್ಕಿನಲ್ಲಿ ಇದ್ದ ಹಾಗೆಯೇ ಚೀಟಿ ಬರೆದು ಹುಬ್ಬಳ್ಳಿಯ ಕಿವಿ ತಜ್ಞರ ಹತ್ತಿರ ಎರಡು ಸಲ ಕಳಿಸಿದ್ದರು. ಶಾಂತವ್ವ ಚಂದಗುಳಿಯ ಘಂಟೆ ಗಣಪತಿಗೆ ಹೇಳಿಕೊಂಡಿದ್ದಳು, ಹುಡುಗಿಯ ಕಿವಿ ನೆಟ್ಟಗಾದರೆ ಗಂಟೆ ಕಟ್ಟುತ್ತೇನೆ ಎಂದು. ಇಷ್ಟಾದರೂ ರೇಣುಕಾ ಒಂದು ದಿನವೂ ಹೆರಿಗೆ ಕೋಣೆಯ ಡ್ಯೂಟಿ ತಪ್ಪಿಸಲಿಲ್ಲ. ಬಲಗಿವಿಯಲ್ಲಿ ಎಣಿಸುತ್ತಿದ್ದಳು. ನಾನು ಅದನ್ನೂ ಸುಲಭವಾಗಿ ತೆಗೆದುಕೊಂಡೆ, ಒಂದು ಕಿವಿ ಹೋದರೆ ಇನ್ನೊಂದಿದೆಯಲ್ಲ ಎಂದು.

ಅಕ್ಟೋಬರ್ ಕೊನೆಯಲ್ಲಿ ಅವಳು ನನ್ನ ಮೇಜಿನ ಮುಂದೆ ನಿಂತಳು. ಒಂದು ಮಾತಿತ್ತು ಎನ್ನಲಿಲ್ಲ. ಕಾಗದ ಇಟ್ಟಳು. "ಸ್ವಂತ ಕಾರಣದಿಂದ" ಎಂದು ಶುರುವಾಗಿತ್ತು. ಹುಬ್ಬಳ್ಳಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ ಗೊತ್ತಾಗಿತ್ತು, ಸೋಮವಾರ ಸೇರಬೇಕು. ನನಗೆ ಸಿಟ್ಟು ಬಂತು. ಸಿಟ್ಟು ಎನ್ನುವುದಕ್ಕಿಂತ ಹೆದರಿಕೆ. ಏನೇನೋ ಅಂದುಬಿಟ್ಟೆ. ಇಷ್ಟು ಜನ ಬಸುರಿಯರ ಗತಿ ಏನು, ನಿನ್ನನ್ನು ಸ್ವಂತ ತಂಗಿಯ ಹಾಗೆ ನೋಡಿಕೊಂಡಿರಲಿಲ್ಲವಾ, ನೀನೂ ಹೀಗೆ ಕೈಕೊಟ್ಟರೆ ಹೇಗೆ. ಅವಳು ಎಲ್ಲ ಮುಗಿಯುವವರೆಗೆ ನಿಂತಿದ್ದಳು.

"ಹುಬ್ಬಳ್ಳಿ ಡಾಕ್ಟ್ರು ಚೀಟಿ ಓದಿ ಕೇಳಿದ್ರು ಅಕ್ಕಾ," ಅಂದಳು. "ಬಿದ್ದದ್ದು ಅಂತ ಬರ್ದಿದಾರೆ, ಬಿದ್ರೆ ಕಿವಿ ತಮಟೆ ಹಿಂಗೆ ಹರಿಯಲ್ಲ, ಯಾರು ಹೊಡೆದ್ರಮ್ಮ ಅಂತ. ನಾನು, ಬಿದ್ದದ್ದೇ ಸಾರ್ ಅಂದೆ. ನೀವು ಬರ್ದಿದ್ರಲ್ಲ, ಅದನ್ನ ಸುಳ್ಳು ಮಾಡೋದು ಹೆಂಗೆ?"

ಮೇಜಿನ ಮೇಲಿದ್ದ ಅವಳ ಕಾಗದವನ್ನು ನಾನು ಮಡಿಸಿಟ್ಟೆ.

"ಅವನ ಮುಖ ಈಗ ಸರಿಯಾಗಿ ನೆನಪೂ ಇಲ್ಲ. ಪುಸ್ತಕದಲ್ಲಿರೋ ನಿಮ್ಮ ಅಕ್ಷರ ಮಾತ್ರ ದಿನಾ ಕಾಣ್ತದೆ. ಪಾಳಿ ಬದಲಾಗುವಾಗ ಅದೇ ಪುಸ್ತಕ ತೆಗೀಬೇಕಲ್ಲ."

ಅವಳೇ ಮುಂದುವರಿಸಿದಳು. ಇಂದಿಗೂ ನನ್ನ ಕಿವಿಯಲ್ಲಿರುವುದು ಆ ಮಾತು. "ಮೊದ್ಲು ಎಡಗಿವಿ ಕೊಟ್ರೆ ಮುಖ ಬಾಗಿಲ ಕಡೆ ಇರ್ತಿತ್ತು. ಯಾರು ಬಂದ್ರೂ ಕಾಣ್ತಿತ್ತು. ಈಗ ಬಲಗಿವಿ ಕೊಡಬೇಕು. ಮುಖ ಬಸುರಿ ತಲೆ ಕಡೆ ತಿರುಗ್ತದೆ, ಬೆನ್ನು ಬಾಗಿಲಿಗೆ. ಮೇಲಿರೋದು ಕೇಳದ ಕಿವಿ. ಹಿಂದೆ ಯಾರಾದ್ರೂ ಬಂದು ನಿಂತ್ರೂ ಗೊತ್ತಾಗಲ್ಲ. ಎಂಟು ತಿಂಗಳು ಹಂಗೇ ಎಣಿಸಿದೆ ಅಕ್ಕಾ. ಬಡಿತ ಮಗುವಿಂದಾ ನಂದಾ ಅಂತ ಗೊತ್ತಾಗ್ದಷ್ಟು ಹೆದರಿಕೆ ಆಗ್ತದೆ. ಒಂದಿನ ತಪ್ಪು ಎಣಿಸ್ತೆ. ಮಗು ಹೋಗ್ತದೆ."

ಎದ್ದು ಹೋಗಿ ರಿಪೋರ್ಟ್ ಬುಕ್ ತಂದೆ. ಫೆಬ್ರವರಿಯ ಪುಟ ತೆಗೆದೆ. ನನ್ನ ದುಂಡು ಅಕ್ಷರದ ಸಾಲಿನ ಮೇಲೆ, ಅದು ಓದಲು ಸಿಗುವ ಹಾಗೆಯೇ, ಒಂದು ಗೆರೆ ಎಳೆದೆ. ಕೆಳಗೆ ಬರೆದೆ: "ಮೇಲಿನದು ಸುಳ್ಳು. ಹೆರಿಗೆ ಕೋಣೆಯಲ್ಲಿ ಡ್ಯೂಟಿಯಲ್ಲಿದ್ದಾಗ ರೋಗಿಯ ಸಂಬಂಧಿಯೊಬ್ಬರು ಸ್ಟಾಫ್ ನರ್ಸ್ ರೇಣುಕಾ ಅವರ ಕೆನ್ನೆಗೆ ಹೊಡೆದರು. ಎಡಗಿವಿಯ ತಮಟೆ ಹರಿಯಿತು. ಗೊತ್ತಿದ್ದೂ ಸುಳ್ಳು ಬರೆದವಳು ನಾನು." ಬರೆದ ದಿನದ ತಾರೀಖು ಹಾಕಿ ಸಹಿ ಮಾಡಿದೆ. ಈ ಸಲ ಅಕ್ಷರ ಸೊಟ್ಟಗಾಯಿತು. ಶಾಂತವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ರೇಣುಕಾ ಎರಡು ಸಲ ಓದಿದಳು. ಪುಟದ ಮೇಲೆ ಕೈ ಸವರಿದಳು. ಅವಳ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು. ಉಳಿಯುತ್ತಾಳೆ ಎಂದು ನನಗೆ ಆಸೆ ಹುಟ್ಟಿತು.

"ಇದು ಆಗಬೇಕಿತ್ತು," ಅಂದಳು. "ಆದ್ರೆ ನಾನು ಹೋಗ್ತೆ ಅಕ್ಕಾ. ಅಲ್ಲಿ ಕಿವಿ ಬೇಡ."

ಶನಿವಾರದ ಬಸ್ಸಿಗೆ ಹೋದಳು. ಟ್ರಂಕು ಹೊತ್ತು ಸ್ಟ್ಯಾಂಡಿನವರೆಗೆ ಹೋದವಳು ಶಾಂತವ್ವ. ನನಗೆ ಹೋಗಲು ಮುಖವಿರಲಿಲ್ಲ.

ಆ ಮಧ್ಯಾಹ್ನ ನಾನು ಹೆರಿಗೆ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಒಬ್ಬಳೇ ನಿಂತೆ. ಖಾಲಿ ಟೇಬಲ್ಲಿನ ಬಲಕ್ಕೆ ನಿಂತು ಬಾಗಿದೆ, ಬಲಗಿವಿ ಕೊಟ್ಟೆ. ಮುಖ ತಾನಾಗಿ ತಲೆದಿಂಬಿನ ಕಡೆ ತಿರುಗಿತು. ಬಾಗಿಲು ಬೆನ್ನ ಹಿಂದೆ ಹೋಯಿತು. ಎಡಗೈಯಿಂದ ಎಡಗಿವಿ ಮುಚ್ಚಿಕೊಂಡೆ. ಅರ್ಧ ನಿಮಿಷವೂ ನಿಲ್ಲಲಾಗಲಿಲ್ಲ, ಹಿಂದೆ ಯಾರೋ ಇದ್ದಾರೆ ಎನಿಸಿತು. ಆಮೇಲೆ ಹೊಳೆಯಿತು. ಟೇಬಲ್ಲಿನ ಆಚೆ ಬದಿಗೆ ನಿಂತು ಬಲಗಿವಿ ಕೊಟ್ಟರೆ ಮುಖ ಬಾಗಿಲ ಕಡೆಗೇ ಬರುತ್ತದೆ. ಆಚೆ ಬದಿಯಲ್ಲಿ ಗೋಡೆ. ಟೇಬಲ್ಲನ್ನು ಎರಡು ಅಡಿ ಈಚೆ ಎಳೆದಿದ್ದರೆ ಸಾಕಿತ್ತು. ಅಟೆಂಡರನನ್ನು ಕರೆದೆ, ಇಬ್ಬರೂ ಎಳೆದೆವು. ಐದು ನಿಮಿಷದ ಕೆಲಸ. ನೆಲದ ಮೇಲೆ ಅಷ್ಟು ವರ್ಷ ಬೆಳಕು ಕಾಣದ ಒಂದು ಕಪ್ಪು ಪಟ್ಟಿ ಉಳಿಯಿತು. ಎಂಟು ತಿಂಗಳಲ್ಲಿ ಒಂದು ದಿನ ನಾನು ಅವಳನ್ನು, ನಿನಗೆ ಅಲ್ಲಿ ನಿಲ್ಲಲು ಏನು ಕಷ್ಟ ಎಂದು ಕೇಳಿದ್ದರೆ. ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಹೆರಿಗೆ ಕೋಣೆ ನಾಲ್ಕು ತಿಂಗಳು ಮುಚ್ಚಿತ್ತು. ಆ ನಾಲ್ಕು ತಿಂಗಳು ರಸ್ತೆಯಲ್ಲಿ ಜೀಪು ಜೋರಾಗಿ ಶಿರಸಿಯ ಕಡೆ ಹೋದರೆ ನಾನು ಎದ್ದು ನಿಲ್ಲುತ್ತಿದ್ದೆ. ಕಾರ್ಯದರ್ಶಿಯವರ ಮನೆಗೆ ಹೋಗಿ ಎದುರು ಕೂತು ಹೇಳಿದೆ: ಒಳಗೆ ಒಬ್ಬ ಹೆಂಗಸು ಬಿಟ್ಟು ಯಾರೂ ಬರಬಾರದು, ಬಾಗಿಲಿಗೆ ಚಿಲಕ ಬೇಕು, ಯಾರಾದರೂ ಕೈ ಎತ್ತಿದರೆ ಅದೇ ದಿನ ಪೊಲೀಸ್ ದೂರು ಹೋಗಬೇಕು. ದೂರು ಕೊಡುವುದು ಹೊಡೆಸಿಕೊಂಡ ಹುಡುಗಿಯಲ್ಲ, ಆಸ್ಪತ್ರೆ. ಕೆಳಗೆ ಸಹಿ ಅವರದು.

"ಊರವ್ವು ಎಂತ ಹೇಳ್ತ ತಂಗಿ? ಆಸ್ಪತ್ರೆ ಹೆಸ್ರು ಹೋಗ್ತು," ಎಂದರು.

"ನರ್ಸೇ ಇಲ್ದಿದ್ರೆ ಹೆಸ್ರು ತಗಂಡು ಎಂತ ಮಾಡದು? ಇದು ಆಗ್ತಿಲ್ಲೆ ಅಂದ್ರೆ ಆನೂ ಹೋಗ್ತೆ," ಎಂದೆ. ಹೆದರಿಸಲು ಹೇಳಿದ್ದಲ್ಲ, ರಾಜೀನಾಮೆ ಕಾಗದ ಚೀಲದಲ್ಲೇ ಇತ್ತು. ಕೊನೆಗೆ ಅವರು ಒಪ್ಪಿದರು, ಮನಸ್ಸಿಲ್ಲದೆ. ಆಮೇಲಿನ ವರ್ಷಗಳಲ್ಲಿ ಎರಡು ಸಲ ಅಂಥ ದೂರು ಹೋಯಿತು. ಊರವರು ಮುನಿಸಿಕೊಂಡರು, ಹೆರಿಗೆಗೆ ಮತ್ತೆ ಇಲ್ಲಿಗೇ ಬಂದರು.

೨೦೦೪ರಲ್ಲಿ ಹೊಸ ನರ್ಸುಗಳನ್ನು ತೆಗೆದುಕೊಳ್ಳುವಾಗ ಒಬ್ಬ ಹುಡುಗಿ ಬಂದಳು, ಸಿದ್ದಾಪುರ ಕಡೆಯವಳು. ಸರ್ಟಿಫಿಕೇಟು ನೋಡಿದೆ, ಪ್ರಶ್ನೆ ಕೇಳಿದೆ. ಕೊನೆಗೆ, ನಿನಗೇನಾದರೂ ಕೇಳುವುದಿದೆಯಾ ಎಂದೆ. ಸಾಮಾನ್ಯವಾಗಿ ರಜೆ ಎಷ್ಟು ಎಂದು ಕೇಳುತ್ತಾರೆ.

"ರೇಣುಕಾ ನನ್ನ ಚಿಕ್ಕಮ್ಮ," ಅಂದಳು. "ಸೇರೋಕೆ ಮೊದ್ಲು ಹೆರಿಗೆ ಕೋಣೆ ನೋಡ್ಕಂಡು ಬಾ, ಬಾಗಿಲಿಗೆ ಚಿಲಕ ಇದೆಯಾ ನೋಡು ಅಂದ್ಲು."

ಕರೆದುಕೊಂಡು ಹೋದೆ. ಹುಡುಗಿ ಚಿಲಕ ಹಾಕಿ ನೋಡಿದಳು, ತೆಗೆದು ನೋಡಿದಳು. ಆಮೇಲೆ ಟೇಬಲ್ಲಿನ ಸುತ್ತ ನಡೆದು, ಗೋಡೆಗೂ ಟೇಬಲ್ಲಿಗೂ ನಡುವಿನ ಜಾಗದಲ್ಲಿ ನಿಂತಳು. ಯಾರೂ ಹೇಳದೆಯೇ ಬಾಗಿದಳು, ಬಲಗಿವಿ ಕೊಟ್ಟಳು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೇರ ನೋಡಿದಳು.

"ಇಲ್ಲಿ ಗೋಡೆ ಅಂದಿದ್ಲು ಚಿಕ್ಕಮ್ಮ," ಅಂದಳು.

"ಸರಿಸಿದೆ," ಎಂದೆ. "ಅವಳು ಹೋದ ದಿನ."

ಹುಡುಗಿ ನೆಟ್ಟಗೆ ನಿಂತಳು. "ಹೇಳ್ತೆ ಅವ್ಳಿಗೆ," ಅಂದಳು. "ಡ್ಯೂಟಿ ಯಾವತ್ತಿಂದ?"

ಅವಳು ನಾನು ನಿವೃತ್ತಳಾಗುವವರೆಗೂ ಅಲ್ಲಿ ಕೆಲಸ ಮಾಡಿದಳು. ನರ್ಸುಗಳು ಯಾಕೆ ನಿಲ್ಲುವುದಿಲ್ಲ ಎಂದು ಈಗ ಯಾರಾದರೂ ನನ್ನನ್ನು ಕೇಳಿದರೆ, ಸಂಬಳದ ಮಾತು, ಮದುವೆಯ ಮಾತು ಹೇಳುವುದಿಲ್ಲ. ಹೋಗುವವರನ್ನು ಯಾಕೆ ಹೋಗುತ್ತೀ ಎಂದು ನಾನು ಕೇಳಿದ್ದೇನೆ, ಬೈದಿದ್ದೇನೆ, ಬೇಡಿಕೊಂಡಿದ್ದೇನೆ. ಇರುವಾಗ ಒಬ್ಬಳನ್ನೂ ಪಕ್ಕದಲ್ಲಿ ನಿಂತು, ನಿನಗೆ ಇಲ್ಲಿಂದ ಬಾಗಿಲು ಕಾಣುತ್ತದಾ ಎಂದು ಕೇಳಿರಲಿಲ್ಲ.